ಹೆಂಗಸರು ಮುಟ್ಟಿದರೆ ಕೆಡುವ ಯಂತ್ರ

‘ಲೇಡಿ ಟೀಚರ್ ಮುಟ್ಟಿದ್ದಕ್ಕೇ ಕಂಪ್ಯೂಟರ್ ನಿಂತುಹೋಯಿತು’ ಎಂಬ ಮಾತನ್ನು ತೊಂಬತ್ತರ ದಶಕದ ಕೊನೆಯಲ್ಲಿ ನನ್ನ ಓರಗೆಯವರು ಎಷ್ಟು ಸಲ ಕೇಳಿಲ್ಲ! ಮೋಡೆಮ್ ಫೋನಿನ ಲೈನು ಹಿಡಿದ ಕೂಡಲೇ ಪರದೆಯ ಮೇಲಿನ ಮೌಸಿನ ಬಾಣ ಕಲ್ಲಾಗಿಬಿಡುತ್ತಿತ್ತು. ಎದುರು ಕೂತವಳು ಬಿ.ಎ., ಬಿ.ಎಡ್. ಆಗಿದ್ದರಂತೂ ಮುಗಿಯಿತು, ತಪ್ಪು ಅವಳದೇ. ಲ್ಯಾಬಿನ ಬೀಗದ ಕೈ ಮತ್ತೆ ಗಂಡಸರ ಜೇಬಿಗೆ.

ಆಗುತ್ತಿದ್ದದ್ದೇನು, ಕೇಳಿ. ಅಂದಿನ ಕಂಪ್ಯೂಟರಿಗೆ ಸೀರಿಯಲ್ ಪೋರ್ಟ್ ಎಂಬ ಬಾಗಿಲುಗಳಿದ್ದವು. ಪ್ರಾರ್ಥನೆ ಮುಗಿಸಿ ಮಕ್ಕಳು ಸಾಲಾಗಿ ತರಗತಿಗೆ ಹೋಗುವಂತೆ ಮಾಹಿತಿ ಅಲ್ಲಿ ಒಂದರ ಹಿಂದೊಂದು ಸಾಗುತ್ತಿತ್ತು. ಕಾಮ್ 1, 2, 3, 4 ಎಂದು ಅವಕ್ಕೆ ಹೆಸರು. ಬಾಗಿಲಿಗೆ ಯಾರೋ ಬಂದರೆಂದು ಒಳಗಿನ ಪ್ರೊಸೆಸರಿಗೆ ತಿಳಿಸಲು ಗಂಟೆ ಬೇಕಲ್ಲ, ಅದೇ ಇಂಟರಪ್ಟ್. ಬಾಗಿಲು ನಾಲ್ಕು, ರೂಢಿಯಲ್ಲಿ ಅವಕ್ಕೆ ಕಟ್ಟಿದ ಗಂಟೆ ಎರಡೇ! 1 ಮತ್ತು 3ಕ್ಕೆ ನಾಲ್ಕನೇ ನಂಬರಿನ ಗಂಟೆ, 2 ಮತ್ತು 4ಕ್ಕೆ ಮೂರನೆಯದು. ಮೌಸ್ ಕಾಮ್ 1ರಲ್ಲಿ, ಮೋಡೆಮ್ ಕಾಮ್ 3ರಲ್ಲಿ ಇದ್ದರೆ ಇಬ್ಬರಿಗೂ ಒಂದೇ ಗಂಟೆ. ಅಂದಿನ ಐಎಸ್‌ಎ ಕಾರ್ಡುಗಳಿಗೋ ಸಾಮಾನ್ಯವಾಗಿ ಹಂಚಿಕೊಂಡು ಬಾಳಲು ಬಾರದು. ಇದರಲ್ಲಿ ಕೂತವಳ ಕೈಗುಣ ಎಲ್ಲಿಂದ ಬಂತು?

1981ರ ಐಬಿಎಂ ಪಿಸಿಯಲ್ಲಿ ಇಡೀ ಯಂತ್ರಕ್ಕೆ ಇಂಥ ಎಂಟೇ ದಾರಿಗಳು. ಗಡಿಯಾರಕ್ಕೊಂದು, ಕೀಲಿಮಣೆಗೊಂದು, ಫ್ಲಾಪಿಗೊಂದು. 1984ರ ಎಟಿ ಮಾದರಿಯಲ್ಲಿ ದಾರಿಗಳು ಹೆಚ್ಚಾದರೂ ಸೀರಿಯಲ್ ಬಾಗಿಲುಗಳ ಪಾಲು ಹಳೆಯದೇ ಉಳಿಯಿತು. ವಠಾರಕ್ಕೆಲ್ಲ ಒಂದೇ ನಲ್ಲಿ ಇದ್ದಾಗ ಬಿಂದಿಗೆ ಹಿಡಿದವರನ್ನೇ ಜಗಳಗಂಟಿಯರು ಎನ್ನುವ ಜಾಯಮಾನ ನಮ್ಮದು. ಲ್ಯಾಬಿನಲ್ಲೂ ಅದೇ ನಡೆಯಿತು.

ಮದ್ದು ದೊಡ್ಡದೇನಲ್ಲ. ಮೋಡೆಮ್ ಕಾರ್ಡಿನ ಮೇಲೆ ಜಂಪರ್ ಎಂಬ ಪುಟ್ಟ ಪ್ಲಾಸ್ಟಿಕ್ ಟೊಪ್ಪಿ ಇರುತ್ತಿತ್ತು. ಅದನ್ನು ಕಿತ್ತು ಪಕ್ಕದ ಕಡ್ಡಿಗಳಿಗೆ ಹಾಕಿ, ಖಾಲಿ ಇರುವ ಗಂಟೆ, ಬಹುಪಾಲು ಐದನೆಯದು, ಕೊಟ್ಟು, ಆ ನಂಬರನ್ನು ವಿಂಡೋಸಿಗೂ ತಿಳಿಸಿದರೆ ಆಯಿತು. ಸೌಂಡ್ ಕಾರ್ಡ್ ಇದ್ದರೆ ಅದು ಐದನ್ನು ಹಿಡಿದು ಕೂತಿದೆಯೇ ಎಂದು ಮೊದಲು ನೋಡಬೇಕು, ಅಷ್ಟೆ. ರವಿಕೆಯ ಹುಕ್ಕಿನ ಜಾಗ ಬದಲಿಸಬಲ್ಲವಳಿಗೆ ಇದು ಬಾರದ ವಿದ್ಯೆಯೇ? ‘ಅದೆಲ್ಲ ಹಾರ್ಡ್‌ವೇರು, ನಿಮಗೆ ಅರ್ಥವಾಗಲ್ಲ ಮೇಡಂ’ ಎನ್ನುತ್ತಿದ್ದರು ಒಬ್ಬ ಕಂಪ್ಯೂಟರ್ ಮೇಷ್ಟ್ರು. ಅರ್ಥ ಮಾಡಿಸಿದರೆ ಬೀಗದ ಕೈ ಹಂಚಿಕೊಳ್ಳಬೇಕಲ್ಲ!

ಯುಎಸ್‌ಬಿ ಬಂದು ಜಂಪರಿನ ಗೊಡವೆ ತಪ್ಪಿತು, ಮಾತು ಮಾತ್ರ ಹಾಗೇ ಇದೆ. ಈಗ ಸ್ಮಾರ್ಟ್ ಬೋರ್ಡ್ ನಿಂತರೂ ಮೊದಲ ಪ್ರಶ್ನೆ, ‘ಮೇಡಂ, ನೀವೇನು ಒತ್ತಿದಿರಿ?’ ಒತ್ತಿದ್ದನ್ನು ಹೇಳುತ್ತೇನೆ ಸ್ವಾಮಿ. ಮೊದಲು ಹಿಂದಿನ ವೈರುಗಳನ್ನು ಯಾರು ಜೋಡಿಸಿದರು, ಅದನ್ನು ತೋರಿಸಿ.