ಪಾರಿಜಾತದ ಎರಡು ಲೋಕಗಳು

ಸಮಕಾಲೀನ ಅಮೆರಿಕನ್ ಕಾದಂಬರಿಯ ಚರ್ಚೆಯಲ್ಲಿ ಬಹುಲೋಕಗಳ ಪರಿಕಲ್ಪನೆಗೆ ವಿಶೇಷ ಸ್ಥಾನವಿದೆ. ಪಾಲ್ ಆಸ್ಟರ್ ಅವರ 'ಸಿಟಿ ಆಫ್ ಗ್ಲಾಸ್' (1985) ಕೃತಿಯಲ್ಲಿ ಲೇಖಕನ ಹೆಸರೇ ಕಥೆಯೊಳಗೆ ಪಾತ್ರವಾಗಿ ಬರುತ್ತದೆ. ಅವರ '4 3 2 1' (2017) ಒಬ್ಬನೇ ಹುಡುಗನಿಗೆ ನಾಲ್ಕು ಬದುಕುಗಳನ್ನು ಕಟ್ಟಿಕೊಡುತ್ತದೆ. ಲೋಕವನ್ನು ಅರಿಯುವ ಬಗೆ ಆಧುನಿಕತಾವಾದದ ಪ್ರಶ್ನೆಯಾದರೆ, ಇದು ಯಾವ ಲೋಕ ಎಂಬುದೇ ಆಧುನಿಕೋತ್ತರ ಕಾದಂಬರಿಯ ಪ್ರಶ್ನೆಯೆಂಬ ಬ್ರಿಯಾನ್ ಮೆಕ್‌ಹೇಲ್ ಅವರ ವಾದ (1987) ಪ್ರಸಿದ್ಧವಾಗಿದೆ.

ಇಂಥ ವಾದಗಳು ಎದುರಾದೊಡನೆ ಇದು ನಮ್ಮಲ್ಲಿ ಮೊದಲೇ ಇತ್ತೆನ್ನುವುದು ಕನ್ನಡ ವಿಮರ್ಶೆಯ ಒಂದು ರೂಢಿ. ಗೋಕಾಕ, ಮೂಡಲಗಿ, ಹುಕ್ಕೇರಿ ಸೀಮೆಗೆ ಆಪ್ತವಾದ ಶ್ರೀಕೃಷ್ಣ ಪಾರಿಜಾತವನ್ನು ಮುಂದಿಟ್ಟು ಹಾಗೆನ್ನುವುದು ಸುಲಭ. ಕುಲಗೋಡ ತಮ್ಮಣ್ಣನ ಹೆಸರಿನೊಡನೆ ಬೆಸೆದುಕೊಂಡ, ಕೌಜಲಗಿ ನಿಂಗಮ್ಮನವರಂಥ ಕಲಾವಿದೆಯರಿಂದ ಜನಪ್ರಿಯವಾದ ಈ ಆಟದಲ್ಲಿ ಸತ್ಯಭಾಮೆ ಹಾಡುವಾಗ ದ್ವಾರಕೆಯಲ್ಲಿರುತ್ತಾಳೆ. ಭಾಗವತನೊಡನೆ ಮಾತಿಗಿಳಿದಾಗ ಘಟಪ್ರಭೆಯ ದಂಡೆಯ ಹೆಣ್ಣುಮಗಳಾಗುತ್ತಾಳೆ. ಪಾರಿಜಾತದ ಹೂವು ರುಕ್ಮಿಣಿಯ ಪಾಲಾದುದರಿಂದ ಹುಟ್ಟಿದ ಸವತಿಮತ್ಸರ ಪುರಾಣದ್ದೂ ಹೌದು, ಪಕ್ಕದ ಓಣಿಯದೂ ಹೌದು.

ಆದರೆ ಸಾಮ್ಯಕ್ಕಿಂತ ವ್ಯತ್ಯಾಸವೇ ಇಲ್ಲಿ ವಿಚಾರಾರ್ಹ. 'ಸಿಟಿ ಆಫ್ ಗ್ಲಾಸ್'ನಲ್ಲಿ ಲೋಕಗಳ ಗಡಿ ಅಳಿಸಿದಂತೆ ನಾಯಕ ತನ್ನ ಗುರುತನ್ನೇ ಕಳೆದುಕೊಳ್ಳುತ್ತಾನೆ. ಪಾರಿಜಾತದಲ್ಲಿ ಗಡಿ ದಾಟಿದಾಗ ಪ್ರೇಕ್ಷಕನಿಗೆ ಅಧಿಕಾರ ಒದಗುತ್ತದೆ. ದೇವರ ಸಂಸಾರವನ್ನು ತನ್ನೂರಿನ ನ್ಯಾಯದಿಂದ ಅಳೆಯುವ ಅಧಿಕಾರವದು. ಅಲ್ಲಿ ಲೋಕಗಳ ಬೆರಕೆ ಅನುಮಾನವನ್ನು ಹುಟ್ಟಿಸುತ್ತದೆ, ಇಲ್ಲಿ ಸಲಿಗೆಯನ್ನು.

ಈ ಸಲಿಗೆಯ ನೆಲೆ ಮುಖ್ಯವಾಗಿ ಸಂವಾದ. ಹಾಡುಗಳು ಅಚ್ಚಾಗಿವೆ; ಕಲಾವಿದರು ಆಯಾ ರಾತ್ರಿ, ಆಯಾ ಊರಿಗೆ ತಕ್ಕಂತೆ ಕಟ್ಟುವ ಮಾತು ಬಹುಮಟ್ಟಿಗೆ ಅಚ್ಚಿನ ಹೊರಗೇ ಉಳಿದಿದೆ. ಮುದ್ರಿತ ಪಠ್ಯವನ್ನಷ್ಟೇ ನೆಚ್ಚಿದ ಸಂಶೋಧನೆಗೆ ದ್ವಾರಕೆ ಸಿಗುತ್ತದೆ, ಗೋಕಾಕ ಸಿಗುವುದಿಲ್ಲ. ಎರಡು ಲೋಕಗಳ ಆಟವನ್ನು ಬರಿಯ ಪೌರಾಣಿಕ ಭಕ್ತಿಕಥೆಯೆಂದು ವರ್ಗೀಕರಿಸುವ ಅಪಾಯ ಹುಟ್ಟುವುದು ಇಲ್ಲಿಯೇ.

ಆದ್ದರಿಂದ ನಮ್ಮ ಅಧ್ಯಯನ ವಿಭಾಗಗಳು ಪ್ರದರ್ಶನದ ಸಂವಾದವನ್ನು ಊರು, ಮೇಳ, ದಿನಾಂಕಗಳ ಸಹಿತ ದಾಖಲಿಸಬೇಕು. ಒಂದೇ ಸನ್ನಿವೇಶವನ್ನು ಬೇರೆ ಬೇರೆ ಊರುಗಳಲ್ಲಿ ಆಡಿದ ಬಗೆಯನ್ನು ಹೋಲಿಸಬೇಕು. ಹಸ್ತಪ್ರತಿಗಳ ಪಾಠಾಂತರಗಳಿಗೆ ಸಲ್ಲುವ ಗ್ರಂಥಸಂಪಾದನೆಯ ಶಿಸ್ತು ಆಡುಮಾತಿಗೂ ಸಲ್ಲಬೇಕು. ಹಿರಿಯ ಕಲಾವಿದರು ನಮ್ಮೊಡನಿರುವಾಗಲೇ ಈ ಕಾರ್ಯ ನಡೆಯುವುದು ಅಗತ್ಯ. ಅಮೆರಿಕದ ಕಾದಂಬರಿಯೊಡನೆ ನಾವು ಮಾಡುವ ಹೋಲಿಕೆಗೆ ಆಗ ಗಟ್ಟಿ ಆಧಾರವೊಂದು ದೊರೆಯುತ್ತದೆ.