ಮೂರು ನಕ್ಷತ್ರ ಕಾಣುವವರೆಗೆ

ಮಕ್ಕಳೇ, ನಮಗೆ ಬೇಸಿಗೆ ರಜೆ ಎಂದರೆ ಏಪ್ರಿಲ್ ಮತ್ತು ಮೇ. ಅಮೆರಿಕದ ಮಕ್ಕಳಿಗೆ ಅದು ಜೂನ್‌ನಿಂದ ಆಗಸ್ಟ್‌ವರೆಗೆ. ನಾವು ರಜೆಗೆ ಅಜ್ಜಿ ಮನೆಗೆ ಹೋದ ಹಾಗೆ ಅಲ್ಲಿನ ಬಹಳಷ್ಟು ಮಕ್ಕಳು ಶಿಬಿರಕ್ಕೆ ಹೋಗುತ್ತಾರೆ. ಬೆಳಿಗ್ಗೆ ಹೋಗಿ ಮಧ್ಯಾಹ್ನ ಮನೆಗೆ ಬರುವ ಶಿಬಿರವಲ್ಲ. ಕಾಡಿನ ನಡುವೆ, ಸರೋವರದ ದಂಡೆಯಲ್ಲಿ, ಮರದ ಮನೆಗಳಲ್ಲಿ ಎರಡು ವಾರದಿಂದ ಎಂಟು ವಾರದವರೆಗೆ ಅಪ್ಪ ಅಮ್ಮನನ್ನು ಬಿಟ್ಟು ಇರಬೇಕು. ಅಂಥವುಗಳಲ್ಲಿ ಯಹೂದಿ ಮಕ್ಕಳ ಶಿಬಿರಗಳ ಕಥೆಯನ್ನು ಈ ವಾರ ಹೇಳುತ್ತೇನೆ. ಅಜ್ಜ ಅಜ್ಜಿಯರೂ ಕೇಳಿಸಿಕೊಳ್ಳಿ, ನಿಮಗೂ ಇದರಲ್ಲಿ ಒಂದು ಮಾತಿದೆ.

ಸುಮಾರು 1880ರಿಂದ ಪೂರ್ವ ಯೂರೋಪಿನ ಹಿಂಸೆ, ಬಡತನ ತಾಳಲಾರದೆ ಲಕ್ಷಾಂತರ ಯಹೂದಿಗಳು ಹಡಗು ಹತ್ತಿ ಅಮೆರಿಕಕ್ಕೆ ಬಂದರು. ನ್ಯೂಯಾರ್ಕಿನ ಲೋವರ್ ಈಸ್ಟ್ ಸೈಡ್ ಎಂಬ ಕಡೆ ಗಾಳಿ ಬೆಳಕಿಲ್ಲದ ವಠಾರಗಳಲ್ಲಿ ಒತ್ತೊತ್ತಾಗಿ ಬದುಕಿದರು. ಮಕ್ಕಳಿಗೆ ಕೆಲವು ದಿನವಾದರೂ ಒಳ್ಳೆಯ ಗಾಳಿ, ಹೊಟ್ಟೆ ತುಂಬ ಊಟ ಸಿಗಲಿ ಎಂದು ಹಿರಿಯರು ಶಿಬಿರ ಶುರು ಮಾಡಿದರು. ಹಡ್ಸನ್ ನದಿ ಕಣಿವೆಯ ಕೋಲ್ಡ್ ಸ್ಪ್ರಿಂಗ್‌ನಲ್ಲಿರುವ ‘ಸರ್‌ಪ್ರೈಸ್ ಲೇಕ್ ಕ್ಯಾಂಪ್’ ಆರಂಭವಾದದ್ದು 1902ರಲ್ಲಿ.

ಅಲ್ಲಿಗೆ ಹೋದ ಬಡ ಹುಡುಗರಲ್ಲಿ ಎಡ್ಡಿ ಕ್ಯಾಂಟರ್ ಒಬ್ಬ. ಎಳೆಯ ವಯಸ್ಸಿನಲ್ಲೇ ತಂದೆ ತಾಯಿ ಇಬ್ಬರನ್ನೂ ಕಳೆದುಕೊಂಡವನು. ಸಾಕಿದವಳು ಅಜ್ಜಿ ಎಸ್ತರ್. ಈ ಹುಡುಗ ಮುಂದೆ ರಂಗಭೂಮಿ, ರೇಡಿಯೊ, ಸಿನಿಮಾಗಳಲ್ಲಿ ದೊಡ್ಡ ಹಾಸ್ಯನಟನಾದ. ತಾನು ಹೋಗಿದ್ದ ಶಿಬಿರಕ್ಕೆ ಕೈ ತುಂಬ ನೆರವಾದ. ಪೋಲಿಯೊ ವಿರುದ್ಧದ ಹೋರಾಟಕ್ಕೆ ಎಲ್ಲರೂ ಒಂದೊಂದು ಡೈಮ್ ನಾಣ್ಯ, ಅಂದರೆ ಹತ್ತು ಸೆಂಟ್, ಕಳಿಸಿರಿ ಎಂದು 1938ರಲ್ಲಿ ರೇಡಿಯೊದಲ್ಲಿ ಕೇಳಿಕೊಂಡವನೂ ಅವನೇ. ಅಧ್ಯಕ್ಷರ ಶ್ವೇತಭವನಕ್ಕೆ ಲಕ್ಷಗಟ್ಟಲೆ ನಾಣ್ಯ ಬಂದು ಬಿದ್ದವು. ಬ್ಯಾಂಕಿನಲ್ಲಿ ಚಿಲ್ಲರೆ ಎಣಿಸಿಯೇ ಬೆರಳು ಸವೆಸಿದ ನನಗೆ, ಅದನ್ನೆಲ್ಲ ಎಣಿಸಿದವರು ಯಾರೋ ಪಾಪ ಎನ್ನಿಸುತ್ತದೆ!

ಇನ್ನು ಶಿಬಿರದ ದಿನಚರಿ. ಬೆಳಿಗ್ಗೆ ಎದ್ದ ಮೇಲೆ ಮೊದಲ ಕೆಲಸ ತಮ್ಮ ಕೋಣೆ ತಾವೇ ಗುಡಿಸುವುದು. ಕೆಲವು ಕಡೆ ಅದಕ್ಕೂ ಅಂಕ ಉಂಟು. ಆಮೇಲೆ ‘ಹೂಗ್’. ಹೀಬ್ರೂ ಭಾಷೆಯಲ್ಲಿ ಹೂಗ್ ಎಂದರೆ ವೃತ್ತ. ಒಂದೇ ಆಸಕ್ತಿಯವರು ಸುತ್ತ ಕೂತು ಕಲಿಯುವುದು ಎಂದು ಅರ್ಥ. ಮಡಕೆ ಮಾಡುವುದು, ಮರಗೆಲಸ, ಬಿಲ್ಲುಬಾಣ, ಗಿಟಾರ್, ನಾಟಕ, ಜಾನಪದ ಕುಣಿತ, ಯಾವುದು ಬೇಕೋ ಅದು.

‘ಗಾಗಾ’ ಎಂಬ ಆಟ ಎಲ್ಲರಿಗೂ ಅಚ್ಚುಮೆಚ್ಚು. ಎಂಟು ಮೂಲೆಯ, ಸೊಂಟದೆತ್ತರದ ಹಲಗೆ ಕಟ್ಟೆಯೊಳಗೆ ಹತ್ತಾರು ಮಕ್ಕಳು ನಿಲ್ಲುತ್ತಾರೆ. ಚೆಂಡನ್ನು ಹಿಡಿಯುವಂತಿಲ್ಲ, ಎಸೆಯುವಂತಿಲ್ಲ, ಬರಿ ಅಂಗೈಯಿಂದ ಹೊಡೆಯಬೇಕು. ಮೊಣಕಾಲಿನ ಕೆಳಗೆ ಚೆಂಡು ತಗುಲಿದವರು ಹೊರಗೆ. ಗಟ್ಟಿಮುಟ್ಟಾದ ಹುಡುಗನಿಗಿಂತ ಚಿಗರೆಯಂತೆ ಜಿಗಿಯುವ ಪುಟ್ಟ ಹುಡುಗಿಯೇ ಗೆಲ್ಲುವ ಆಟ ಇದು.

ಈಜಿಗೆ ಇಳಿಯುವಾಗ ಪ್ರತಿ ಮಗುವಿಗೂ ಒಂದು ಜೊತೆ. ಸೀಟಿ ಊದಿದ ತಕ್ಷಣ ಜೊತೆಗಾರರು ಕೈ ಕೈ ಹಿಡಿದು ಮೇಲೆತ್ತಬೇಕು. ದಂಡೆಯಲ್ಲಿರುವವರು ಎಣಿಸುತ್ತಾರೆ. ಲೆಕ್ಕ ಸರಿಯಾದ ಮೇಲೆಯೇ ಮತ್ತೆ ಈಜು. ಬ್ಯಾಂಕಿನಲ್ಲಿ ಸಂಜೆ ಕ್ಯಾಷ್ ತಾಳೆಯಾಗದೆ ನಾವು ಮನೆಗೆ ಹೋಗುತ್ತಿರಲಿಲ್ಲ. ಆದರೆ ಒಂದು ರೂಪಾಯಿ ಕಡಿಮೆ ಬಂದರೆ ಜೇಬಿನಿಂದ ಹಾಕಬಹುದು, ಮಗುವನ್ನು ಎಲ್ಲಿಂದ ತರುವುದು? ಹಾಗಾಗಿ ಅಲ್ಲಿಯ ಲೆಕ್ಕ ನಮ್ಮದಕ್ಕಿಂತ ಬಿಗಿ.

ಶುಕ್ರವಾರ ಸಂಜೆ ಶಿಬಿರದ ಬಣ್ಣವೇ ಬದಲಾಗುತ್ತದೆ. ಎಲ್ಲರೂ ಸ್ನಾನ ಮಾಡಿ, ಹೆಚ್ಚಿನ ಶಿಬಿರಗಳಲ್ಲಿ ಬಿಳಿ ಬಟ್ಟೆ ತೊಟ್ಟು ಸೇರುತ್ತಾರೆ. ಸೂರ್ಯ ಮುಳುಗುವಾಗ ‘ಶಬ್ಬಾತ್’ ಎಂಬ ವಿಶ್ರಾಂತಿಯ ದಿನ ಆರಂಭ. ದೀಪ ಹಚ್ಚಿ, ಜಡೆಯಂತೆ ಹೆಣೆದ ರೊಟ್ಟಿ ಮುರಿದು, ಮೇಜು ಗುದ್ದಿ ಗುದ್ದಿ ಹಾಡುತ್ತಾರೆ. ಮಾರನೆಯ ರಾತ್ರಿ ಆಕಾಶದಲ್ಲಿ ಮೂರು ನಕ್ಷತ್ರ ಕಂಡ ಮೇಲೆ ಅದು ಮುಗಿಯುತ್ತದೆ. ಆಗ ಹಲವು ಬತ್ತಿಗಳನ್ನು ಹೆಣೆದ ಒಂದೇ ಮೇಣದಬತ್ತಿ ಹಚ್ಚುತ್ತಾರೆ. ಲವಂಗ, ದಾಲ್ಚಿನ್ನಿಯಂಥ ಸಾಂಬಾರ ಪದಾರ್ಥಗಳ ಪುಟ್ಟ ಡಬ್ಬಿ ಕೈಯಿಂದ ಕೈಗೆ ಹೋಗುತ್ತದೆ, ಎಲ್ಲರೂ ಮೂಸಿ ನೋಡುತ್ತಾರೆ. ಕೊನೆಗೆ ದ್ರಾಕ್ಷಿ ರಸದಲ್ಲಿ ಅದ್ದಿ ಬತ್ತಿ ಆರಿಸುತ್ತಾರೆ. ಇದಕ್ಕೆ ‘ಹವ್ದಾಲಾ’ ಎನ್ನುತ್ತಾರೆ.

ನ್ಯೂಜೆರ್ಸಿಯ ಮಗಳ ಮನೆಗೆ ಹೋಗಿದ್ದಾಗ ಪಕ್ಕದ ಮನೆಯ ಯಹೂದಿ ಹಿರಿಯರೊಬ್ಬರು ಸಂಜೆ ವಾಕಿಂಗ್‌ಗೆ ಜೊತೆಯಾಗುತ್ತಿದ್ದರು. “ನಮ್ಮಜ್ಜಿ ಯಿಡ್ಡಿಷ್ ಭಾಷೆ ಆಡುತ್ತಿದ್ದಳು. ಅಪ್ಪನಿಗೆ ಅರ್ಥವಾಗುತ್ತಿತ್ತು. ನನ್ನ ಪಾಲಿಗೆ ಉಳಿದದ್ದು ನಾಲ್ಕು ಬೈಗುಳ ಮಾತ್ರ” ಎಂದರು. ನಾನು ನಕ್ಕೆ, ಅವರು ನಗಲಿಲ್ಲ. ಆಮೇಲೆ ನನಗೂ ನಗು ಬರಲಿಲ್ಲ. ಮಗಳ ಮನೆಯಲ್ಲಿ ನನ್ನ ಮೊಮ್ಮಗ ನನ್ನ ಕನ್ನಡಕ್ಕೆ ಇಂಗ್ಲಿಷಿನಲ್ಲಿ ಉತ್ತರ ಕೊಡುತ್ತಿದ್ದ.

ಯಿಡ್ಡಿಷ್ ಉಳಿಸಲೆಂದೇ ಶಿಬಿರಗಳಿದ್ದವು. ಅವುಗಳಲ್ಲೊಂದಾದ ರೈನ್‌ಬೆಕ್‌ನ ‘ಬೊಯ್ಬೆರಿಕ್’ 1979ರಲ್ಲಿ ಮುಚ್ಚಿತು. ಶಿಬಿರ ನಡೆಸಿದ ಮಾತ್ರಕ್ಕೆ ಭಾಷೆ ಉಳಿದೇ ಉಳಿಯುತ್ತದೆ ಎನ್ನಲಾಗದು. ಆದರೆ 1947ರಲ್ಲಿ ವಿಸ್ಕಾನ್ಸಿನ್‌ನ ಕಾನೊವರ್‌ನಲ್ಲಿ ಹೀಬ್ರೂಗಾಗಿ ಶುರುವಾದ ‘ರಾಮಾ’ ಶಿಬಿರ ಹಲವು ಕಡೆ ಹರಡಿ ಈಗಲೂ ನಡೆಯುತ್ತಿದೆ. ಅಲ್ಲಿ ಸರೋವರಕ್ಕೆ ‘ಅಗಮ್’ ಎನ್ನಬೇಕು. ನಮ್ಮ ಕಿವಿಗೆ ಆಗಮ ಎಂದು ಕೇಳಿಸುತ್ತದೆ! ಈಜಬೇಕಾದ ಮಗುವಿಗೆ ಆ ಪದ ಬಾಯಿಪಾಠ ಮಾಡಿಸಬೇಕಿಲ್ಲ, ತಾನಾಗಿ ಬರುತ್ತದೆ. ಕಲಿಸುವವರೂ ಮುದುಕರಲ್ಲ, ಕೆಲವು ವರ್ಷದ ಹಿಂದೆ ಅಲ್ಲೇ ಆಡಿ ಬೆಳೆದ ಹದಿನೆಂಟು ಇಪ್ಪತ್ತರ ಅಣ್ಣಂದಿರು, ಅಕ್ಕಂದಿರು.

ಇನ್ನೊಂದು ಸಂಗತಿ. 1970ರಲ್ಲಿ ಗ್ಲೆನ್ ಸ್ಪೇ ಎಂಬಲ್ಲಿಯ ರಾಮಾ ಶಿಬಿರದಲ್ಲಿ ಬುದ್ಧಿ ಬೆಳವಣಿಗೆಯಲ್ಲಿ ತೊಂದರೆ ಇದ್ದ ಮಕ್ಕಳನ್ನೂ ಸೇರಿಸಿಕೊಂಡರು. ಉಳಿದ ಮಕ್ಕಳು ಹೆದರಬಹುದು, ತಂದೆ ತಾಯಿ ಬೇಡವೆನ್ನಬಹುದು ಎಂಬ ಅಳುಕು ಹಲವರಿಗಿತ್ತು. ಹಾಗೇನೂ ಆಗಲಿಲ್ಲ. ‘ಟಿಕ್ವಾ’ ಎಂಬ ಆ ಕಾರ್ಯಕ್ರಮ ಬೇರೆ ಶಿಬಿರಗಳಿಗೂ ಹಬ್ಬಿತು. ಟಿಕ್ವಾ ಎಂದರೆ ಭರವಸೆ.

ಅಜ್ಜ ಅಜ್ಜಿಯರೇ, ನಿಮಗೆ ಹೇಳಬೇಕೆಂದಿದ್ದು ಇಷ್ಟೇ. ಅಮೆರಿಕದ ಕನ್ನಡ ಕೂಟಗಳು ವಾರಾಂತ್ಯದಲ್ಲಿ ಮಕ್ಕಳಿಗೆ ಅಕ್ಷರ ಕಲಿಸುತ್ತವೆ, ಒಳ್ಳೆಯ ಕೆಲಸ. ಆದರೆ ಅಕ್ಷರಕ್ಕೆ ಮೊದಲು ಮಗುವಿಗೆ ಆ ಭಾಷೆಯಲ್ಲಿ ಏನಾದರೂ ಬೇಕು ಎನ್ನಿಸಬೇಕು. ಈಗ ಮೊಮ್ಮಗನಿಗೆ ನಾನು ಫೋನಿನಲ್ಲಿ “ಕನ್ನಡ ಮಾತಾಡೋ” ಎನ್ನುವುದಿಲ್ಲ. ಪಗಡೆ ಆಟ ಹೇಳಿಕೊಡುತ್ತಿದ್ದೇನೆ. ಕಾಯಿ ಕಡಿಯುವುದು, ಹಣ್ಣಾಗುವುದು, ಇವಕ್ಕೆ ಅವನ ಬಳಿ ಇಂಗ್ಲಿಷ್ ಪದವಿಲ್ಲ. ಮೊನ್ನೆ “ತಾತ, ನನ್ನ ಕಾಯಿ ಹಣ್ಣಾಯ್ತು!” ಎಂದು ಕೂಗಿದ.

ಮಕ್ಕಳೇ, ಈ ವಾರ ನಿಮಗೆ ಎರಡು ಕೆಲಸ. ಶನಿವಾರ ಸಂಜೆ ಅಜ್ಜಿಯನ್ನು ಕರೆದುಕೊಂಡು ಮಹಡಿಗೆ ಹೋಗಿ, ಮೊದಲ ಮೂರು ನಕ್ಷತ್ರ ಯಾರು ಹುಡುಕುತ್ತೀರೋ ನೋಡಿ. ಕನ್ನಡಕ ಹಾಕಿಕೊಳ್ಳಲು ಅಜ್ಜಿಗೆ ನೆನಪಿಸಿ. ಎರಡನೆಯದು, ಬಹಳಷ್ಟು ಶಿಬಿರಗಳಲ್ಲಿ ಮೊಬೈಲ್ ಇಲ್ಲ, ಮಕ್ಕಳು ಮನೆಗೆ ಕೈಯಾರೆ ಪತ್ರ ಬರೆಯುತ್ತಾರೆ. ನೀವೂ ದೂರದಲ್ಲಿರುವ ಅಜ್ಜನಿಗೋ ಅತ್ತೆಗೋ ಒಂದು ಪತ್ರ ಬರೆಯಿರಿ. ನಾಲ್ಕೇ ಸಾಲು ಸಾಕು. ಅಂಚೆ ಚೀಟಿ ಹಚ್ಚುವುದನ್ನು ಮರೆಯಬೇಡಿ.