ಏರಾಕ ಒಂದು ಕೈ, ಇಳಿಯಾಕ ಒಂದು ಕೈ

ಊರಿನ ನೆಲಮನೆಯಲ್ಲಿ ಬಾಳಿದ ಹಿರಿಯರನ್ನು ಪುಣೆಗೋ ಮುಂಬಯಿಗೋ ಕರೆತಂದ ಮೇಲೆ ಅವರ ದಿನದ ಓಡಾಟ ಮನೆಯ ಮೆಟ್ಟಿಲಿನ ಮೇಲೆ ನಿಲ್ಲುತ್ತದೆ. ನಮ್ಮದು ಪುಣೆಯ ಹೊರವಲಯದ ರೋ ಹೌಸ್. ಕೆಳಗೆ ಹಾಲ್, ಅಡುಗೆಮನೆ. ಮಲಗುವ ಕೋಣೆಗಳೆಲ್ಲ ಮೇಲೆ. ಬೈಲಹೊಂಗಲದಿಂದ ಬಂದ ಅವ್ವ ಈ ಮಳೆಗಾಲದಲ್ಲಿ ಕೆಳಗಿಳಿಯುವುದನ್ನೇ ಬಿಟ್ಟಳು. ಊಟವೂ ಮೇಲೆಯೇ. ಕಡೆಗೆ, "ನನ್ನ ಊರಿಗೆ ಬಿಟ್ಟು ಬಾ" ಅಂದಳು.

"ಪಾವಟಿಗಿಗೆ ರೇಲಿಂಗ್ ಐತೆಲ್ಲಬೇ" ಅಂದೆ.

"ಏರುಮುಂದ ಬಲಗೈಗೆ ಸಿಗತೈತಿ. ಇಳಿಯುಮುಂದ ಎಡಕ್ಕ ಹೋಗತೈತಿ. ಆ ಕೈಯಾಗ ಹಿಡಿತ ಎಲ್ಲೈತಿ, ತಮ್ಮಾ?"

ಎಡ ಮುಂಗೈ ಹಿಂದೊಮ್ಮೆ ಮುರಿದು ಕೂಡಿತ್ತು, ಬಲ ಮರಳಿ ಬಂದಿರಲಿಲ್ಲ. ಮೊಣಕಾಲು ನೋವಿದ್ದವರಿಗೆ ಏರುವುದಕ್ಕಿಂತ ಇಳಿಯುವುದೇ ಕಷ್ಟ. ಹಾಗಾಗಿ ಗೋಡೆಯ ಬದಿಗೂ ಒಂದು ಹಿಡಿಕೆ ಬೇಕಿತ್ತು.

ಫ್ಯಾಬ್ರಿಕೇಟರ್ ನಕ್ಕ. "ಭಿಂತೀಲಾ ಕಶಾಲಾ ಕಠಡಾ?" ಗೋಡೆಗ್ಯಾಕೆ ಕಟಕಟೆ ಎಂದು ಅವನ ಪ್ರಶ್ನೆ. ಬೀಳದಂತೆ ತಡೆಯುವುದು ಕಠಡಾ. ನಮಗೆ ಬೇಕಾದದ್ದು ಕೈಗೆ ಆಸರೆ ಎಂದು ವಿವರಿಸಿದೆ.

ಮೊದಲು ಎತ್ತರ. ಮೆಟ್ಟಿಲಿನ ಮುಂದಿನ ಅಂಚಿನಿಂದ ನೆಟ್ಟಗೆ ಮೇಲಕ್ಕೆ ಅಳೆಯಬೇಕು. ಸುಗಮ್ಯ ಕಟ್ಟಡಗಳ ಸರ್ಕಾರಿ ಮಾರ್ಗಸೂಚಿಗಳಲ್ಲಿ 760 ಮತ್ತು 900 ಮಿ.ಮೀ. ಎಂಬ ಎರಡು ಎತ್ತರಗಳಿವೆ. ಅವ್ವ ಐದಡಿಗೂ ಕಡಿಮೆ. ಮೂರನೇ ಮೆಟ್ಟಿಲ ಮೇಲೆ ನಿಲ್ಲಿಸಿ, ಕೈ ಸಹಜವಾಗಿ ಊರಿದಲ್ಲಿ ಪೆನ್ಸಿಲ್ ಗುರುತು ಹಾಕಿದೆ: 33 ಇಂಚು, ಅಂದರೆ ಸುಮಾರು 840 ಮಿ.ಮೀ. ಅದೇ ಎತ್ತರವನ್ನು ಕೆಳಗಿನ ಮತ್ತು ಮೇಲಿನ ಮೆಟ್ಟಿಲಿಗೆ ಗುರುತಿಸಿ, ನಡುವೆ ಸುಣ್ಣದ ದಾರ ಎಳೆದು ಗೆರೆ ಹೊಡೆದೆವು.

ಪೈಪಿನ ಉದ್ದಕ್ಕೆ ಓರೆ ಅಳತೆ ಬೇಕು. ಒಂದು ಸಾಲಿನಲ್ಲಿ ಮೊದಲ ಅಂಚಿನಿಂದ ಕಡೆಯ ಅಂಚಿಗೆ ಎಂಟು ಅಂತರ. ಪ್ರತಿಯೊಂದೂ 7 ಇಂಚು ಎತ್ತರ, 10 ಇಂಚು ಅಗಲ. ಓರೆಯಲ್ಲಿ ಒಂದೊಂದೂ ಸುಮಾರು 12 ಇಂಚು, ಒಟ್ಟು 8 ಅಡಿ. ಕೆಳಗಿನ ತುದಿಯಲ್ಲೂ ಮೇಲಿನ ತುದಿಯಲ್ಲೂ 300 ಮಿ.ಮೀ. ಹೆಚ್ಚುವರಿ ಬೇಕು, ಕಡೆಯ ಹೆಜ್ಜೆ ನೆಲ ಮುಟ್ಟುವ ತನಕ ಕೈ ಬಿಡಬಾರದಲ್ಲ. ನಡುವಿನ ಚೌಕದಲ್ಲೂ ಗೋಡೆಗುಂಟ ಪೈಪು ಮುಂದುವರಿಯಲಿ. ತೋಲ ತಪ್ಪುವುದು ತಿರುವಿನಲ್ಲೇ.

ಪೈಪು ದುಂಡಗಿನದು, 38 ಮಿ.ಮೀ. ಬೆರಳು ಸುತ್ತ ಹಿಡಿಯುವಂತಿರಬೇಕು. ಅಗಲ ಮರದ ಪಟ್ಟಿಯ ಮೇಲೆ ಅಂಗೈ ಇಡಬಹುದು, ಹಿಡಿಯಲಾಗದು. ಗೋಡೆಗೂ ಪೈಪಿಗೂ ನಡುವೆ 50 ಮಿ.ಮೀ. ಸಂದು ಬಿಟ್ಟೆವು. ಪೈಪಿನ ತುದಿಗಳನ್ನು ಗೋಡೆಯತ್ತ ಬಾಗಿಸಿದೆವು; ಇಲ್ಲವಾದರೆ ಸೀರೆಯ ಸೆರಗು ಸಿಕ್ಕಿಕೊಳ್ಳುತ್ತದೆ.

ಬ್ರಾಕೆಟ್ ಮೂರಡಿಗೊಂದು. ತೂತು ಕೊರೆಯುವ ಮುನ್ನ ಸ್ವಿಚ್‌ಬೋರ್ಡ್ ನೇರದಲ್ಲಿ ವೈರ್ ಹೋಗಿದೆಯೇ ನೋಡಿಕೊಳ್ಳಿ. ಡ್ರಿಲ್‌ನಿಂದ ಕೆಂಪು ಹುಡಿ ಬಂದರೆ ಇಟ್ಟಿಗೆ. ಪ್ಲಾಸ್ಟರ್ ದಾಟಿ ಅದರೊಳಗೆ ಆಳವಾಗಿ ಬೋಲ್ಟ್ ಕೂರಬೇಕು. ಹೊಸ ಕಟ್ಟಡಗಳ ಹಗುರ ಏಎಸಿ ಬ್ಲಾಕ್ ಆದರೆ ಮಾಮೂಲಿ ಬೋಲ್ಟ್ ಬಿಗಿಯುವಾಗ ಬ್ಲಾಕೇ ಪುಡಿಯಾಗಬಹುದು. ಅದಕ್ಕೆಂದೇ ಸಿಗುವ ಪ್ಲಗ್ ಅಥವಾ ಕೆಮಿಕಲ್ ಆಂಕರ್ ಕೇಳಿ. ಕೂರಿಸಿದ ಮೇಲೆ ಪ್ರತಿ ಬ್ರಾಕೆಟ್ ಬಳಿ ನಾನೂ ಫ್ಯಾಬ್ರಿಕೇಟರೂ ಒಬ್ಬೊಬ್ಬರಾಗಿ ಪೂರ್ತಿ ಭಾರ ಹಾಕಿ ಜೋತು ನೋಡಿದೆವು. ಅಲುಗಲಿಲ್ಲ.

ಮರುದಿನ ಬೆಳಿಗ್ಗೆ ಅಡುಗೆಮನೆಯಲ್ಲಿ ಒಗ್ಗರಣೆಯ ಸದ್ದು. ಅವ್ವ ಯಾರನ್ನೂ ಕರೆಯದೆ ಇಳಿದು ಬಂದು ಉಪ್ಪಿಟ್ಟಿಗೆ ನಿಂತಿದ್ದಳು. ಊರಿನ ಮಾತು ಆಮೇಲೆ ಎತ್ತಲಿಲ್ಲ.

ಮುಂದಿನ ಸಲ ಊರಿಂದ ಹಿರಿಯರು ಬರುವಾಗ ನೀವೂ ಒಮ್ಮೆ ಅವರ ಜೊತೆ ಮೆಟ್ಟಿಲು ಏರಿ ಇಳಿಯಿರಿ. ಯಾವ ಕೈ ಗೋಡೆ ಸವರುತ್ತದೆ, ಗಮನಿಸಿ. ಹಿಡಿಕೆ ಬೇಕಾದದ್ದು ಅಲ್ಲಿ.